ಓರಗಿತ್ತಿಯ ಸೈಕಲ್ಲು ಮತ್ತು ಕೆಂಪು ದೀಪ

ಶಾಲೆ ರಸ್ತೆಯ ಸಿಗ್ನಲ್ಲಿನಲ್ಲಿ ಹನ್ನೊಂದು ವರ್ಷದಿಂದ ನಿಂತಿರುವ ಟ್ರಾಫಿಕ್ ಪೊಲೀಸಮ್ಮನಿಗೆ ಆಟೋದವರು ಇಟ್ಟ ಹೆಸರು ಪೀಪಿ ಮೇಡಂ. ಆಕೆ ಪೀಪಿ ಊದಿದರೆ ಲಾರಿಗಳೂ ಬಾಲ ಮುದುರಿಕೊಳ್ಳುತ್ತವೆ. ಹೆಲ್ಮೆಟ್ಟಿಲ್ಲದ ವಕೀಲರಿರಲಿ, ಮೂರು ಜನ ಕೂತ ಬೈಕಿರಲಿ, ಆಕೆಯ ಕಣ್ಣು ತಪ್ಪಿಸಿ ಹೋದವರಿಲ್ಲ. ಇಂಥ ಗಟ್ಟಿಗಿತ್ತಿ ಒಂದು ಸೈಕಲ್ಲಿನ ಮುಂದೆ ಸೋತಳು ಎಂದರೆ ಯಾರಾದರೂ ನಂಬುತ್ತಾರೆಯೇ?

ಸೈಕಲ್ಲು ಅವಳ ಓರಗಿತ್ತಿಯದು. ಮೈದುನನ ಹೆಂಡತಿ, ಕೊರಿಯರ್ ಆಫೀಸಿನ ಲಕೋಟೆಗಳನ್ನು ಮನೆಮನೆಗೆ ಹಂಚುವವಳು. ಇಬ್ಬರದೂ ಒಂದೇ ಮನೆ. ಇವಳು ಕೆಳಗೆ, ಅವಳು ಮಹಡಿಯಲ್ಲಿ. ಇವಳು ಒಂದೇ ಕಡೆ ನಿಂತು ಹೊಗೆ ಕುಡಿದು ಕಾಲು ಊದಿಸಿಕೊಂಡು ಬಂದರೆ, ಅವಳು ಊರೆಲ್ಲ ಸುತ್ತಿಯೂ ಆಗ ತಾನೇ ಮುಖ ತೊಳೆದವಳ ಹಾಗಿರುತ್ತಿದ್ದಳು. ಅತ್ತೆ ಎದುರಿಗೇ "ಕಿರಿಯವಳು ಎಷ್ಟು ಚುರುಕು ನೋಡು" ಎಂದಾಗಲೂ ಪೀಪಿ ಮೇಡಂ ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ತಡೆಯಲಾಗದೆ ಹೋದದ್ದು ಮಗಳ ವಿಷಯ.

ಒಂಬತ್ತು ವರ್ಷದ ಮಗಳಿಗೆ ಸೈಕಲ್ ಕಲಿಸಿದವಳು ಚಿಕ್ಕಮ್ಮ. ಸೀಟು ಹಿಡಿದು ಹಿಂದೆ ಓಡಿದವಳು, ಮೊಣಕಾಲು ತರಚಿದಾಗ ಔಷಧಿ ಹಚ್ಚಿದವಳು, ದಿನಾ ನಾಲ್ಕು ಗಂಟೆಗೆ ಶಾಲೆಯಿಂದ ಅವಳ ಪುಟ್ಟ ಸೈಕಲ್ಲಿನ ಪಕ್ಕದಲ್ಲೇ ತನ್ನ ಸೈಕಲ್ ತುಳಿದು ಕರೆತರುವವಳು, ಎಲ್ಲ ಚಿಕ್ಕಮ್ಮನೇ. ತಾಯಿಯ ಡ್ಯೂಟಿ ಶುರುವಾಗುವುದೇ ಮಧ್ಯಾಹ್ನ ಎರಡಕ್ಕೆ, ಏನು ಮಾಡುತ್ತಾಳೆ? ಬೆಳಿಗ್ಗೆ ತಿಂಡಿಗೆ ಕೂತರೆ ಮಗಳ ಬಾಯಲ್ಲಿ "ಚಿಕ್ಕಮ್ಮ ಹೀಗಂದ್ರು, ಚಿಕ್ಕಮ್ಮ ಹಾಗಂದ್ರು." ಹೆತ್ತವಳು ನಾನು, ಜಪ ಅವಳದು ಎಂದು ಇವಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಮಗಳು ಕಣ್ಣೆದುರೇ ಕೈತಪ್ಪಿ ಹೋಗುತ್ತಿದ್ದಾಳೆ ಎನ್ನುವ ದಿಗಿಲೂ ಅದರ ಜೊತೆಗಿತ್ತು.

ಇಲಾಖೆಯಿಂದ ಸ್ಪೀಡ್ ಗನ್ ಬಂದ ದಿನ ದೇವರೇ ಕೈಗೆ ಅಸ್ತ್ರ ಕೊಟ್ಟ ಹಾಗಾಯಿತು. ಶಾಲೆ ರಸ್ತೆಗೆ ಮಿತಿ ಮೂವತ್ತು. ಮೂರು ಗಂಟೆಗೆ ಓರಗಿತ್ತಿ ಚೀಲ ಹೇರಿಕೊಂಡು ಇಳಿಜಾರಿನಲ್ಲಿ ಬಂದಳು. ಗನ್ ಮೂವತ್ನಾಲ್ಕು ತೋರಿಸಿತು. ಪೀಪಿ ಕಿವಿ ಕಿತ್ತುಹೋಗುವ ಹಾಗೆ ಮೊಳಗಿತು.

"ಏನಕ್ಕ?" ಎಂದು ಓರಗಿತ್ತಿ ಕಾಲೂರಿ ನಿಂತಳು.

"ಮೂವತ್ನಾಲ್ಕು. ಇಲ್ಲಿ ಲಿಮಿಟ್ ಮೂವತ್ತು, ಗೊತ್ತಿಲ್ವಾ?"

"ಅಯ್ಯೋ, ಹೌದಾ? ಅಷ್ಟು ಜೋರಾಗಿ ಬರ್ತೀನಾ ನಾನು!" ಅವಳ ಮುಖ ಬಹುಮಾನ ಬಂದಂತೆ ಅರಳಿತು.

ದಂಡದ ಮಿಷನ್ನು ಗಾಡಿ ನಂಬರ್ ಕೇಳಿತು. ಪೀಪಿ ಮೇಡಂ 'ಸೈಕಲ್' ಎಂದು ಒತ್ತಿದಳು. 'ಸರಿಯಾದ ನಂಬರ್ ಹಾಕಿ' ಎಂದಿತು ಮಿಷನ್ನು. ಇನ್ನೊಮ್ಮೆ ಒತ್ತಿದಳು. ಅದೇ ಹಾಡು. ಆಟೋದವರು ಮುಖ ತಿರುಗಿಸಿ ನಗತೊಡಗಿದಾಗ ಇನ್‌ಸ್ಪೆಕ್ಟರಿಗೆ ಫೋನ್ ಹಚ್ಚಿದಳು.

"ತಲೆ ಸರಿ ಇದೆಯೇನಮ್ಮ?" ಎಂದರು ಸಾಹೇಬರು. "ಸ್ಪೀಡ್ ಲಿಮಿಟ್ಟು ಮೋಟಾರ್ ಇರೋ ಗಾಡಿಗೆ. ಸೈಕಲ್‌ಗೆ ಮೀಟರೇ ಇಲ್ಲ, ಎಷ್ಟು ಸ್ಪೀಡಲ್ಲಿ ಬರ್ತಿದ್ದೀನಿ ಅಂತ ತುಳಿಯೋರಿಗೆ ಹೇಗೆ ಗೊತ್ತಾಗ್ಬೇಕು? ಸಿಗ್ನಲ್ ಮುರಿದ್ರೆ ಹಿಡಿ, ಒನ್‌ವೇಲಿ ಎದುರು ಬಂದ್ರೆ ಹಿಡಿ. ಅದ್ರಲ್ಲಿ ಲಾರಿನೂ ಒಂದೇ, ಸೈಕಲ್ಲೂ ಒಂದೇ."

ಬೈಸಿಕೊಂಡರೂ ಆ ಕೊನೆಯ ಮಾತು ಕಿವಿಗೆ ತಂಪಾಗಿ ಕೇಳಿತು.

ಸಿಗ್ನಲ್ ಕಂಬದ ಬುಡದಲ್ಲಿ ಒಂದು ಪೆಟ್ಟಿಗೆ ಇದೆ, ಅದರ ಕೀಲಿ ಇವಳ ಸೊಂಟದಲ್ಲಿ. ಸ್ವಿಚ್ಚು ತಿರುಗಿಸಿದರೆ ದೀಪಗಳು ತಮ್ಮ ಪಾಡಿಗೆ ಬದಲಾಗುವುದನ್ನು ಬಿಟ್ಟು ಇವಳ ಮಾತು ಕೇಳುತ್ತವೆ. ಮರುದಿನದಿಂದ ನಾಲ್ಕು ಗಂಟೆಗೆ ಓರಗಿತ್ತಿ ಬರುವುದು ಕಂಡ ತಕ್ಷಣ ಇವಳು ಸ್ವಿಚ್ಚು ತಿರುಗಿಸಿ ಆ ಕಡೆಗೆ ಕೆಂಪು ಹಿಡಿಯತೊಡಗಿದಳು. ನಲವತ್ತು ಸೆಕೆಂಡಿನದು ಮೂರು ನಿಮಿಷವಾಯಿತು. ಹಿಂದೆ ಹಾರ್ನುಗಳ ಗಲಾಟೆ, ಬಸ್ಸಿನವರ ಬೈಗುಳ. ಬೈಯಲಿ. ಅವಳ ತಾಳ್ಮೆ ಕೆಡಬೇಕು, ಅವಳ ಚಕ್ರ ಬಿಳಿ ಗೆರೆ ದಾಟಬೇಕು, ಬೆಳಿಗ್ಗೆ ತಿಂಡಿಗೆ ಕೂತಾಗ ಮಗಳೆದುರು "ನಿನ್ನ ಚಿಕ್ಕಮ್ಮ ಸಿಗ್ನಲ್ ಮುರಿಯೋಳು" ಎಂದು ಹೇಳಬೇಕು. ಅಷ್ಟೇ ಬೇಕಿತ್ತು ಇವಳಿಗೆ. ಒಂದು ತಿಂಗಳು ಹೊಂಚು ಹಾಕಿದಳು. ಆ ಪುಣ್ಯಾತ್ಗಿತ್ತಿ ಒಂದು ದಿನವೂ ಗೆರೆ ಮುಟ್ಟಲಿಲ್ಲ. ಒಂದು ಕಾಲೂರಿ ನಿಂತು ಮಗುವಿನ ಜೊತೆ ಏನೋ ಹರಟುತ್ತಿದ್ದಳು, ಹೋಗುವಾಗ "ಬರ್ತೀವಕ್ಕ" ಎನ್ನುತ್ತಿದ್ದಳು. ಇವಳಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು. ಶನಿವಾರವಂತೂ ಅದೇ ಹೊತ್ತಿಗೆ ಆಂಬ್ಯುಲೆನ್ಸ್ ಬಂದು, ಹಿಡಿದ ಕೆಂಪನ್ನು ಅರ್ಧಕ್ಕೇ ಬಿಡಬೇಕಾಯಿತು.

ಭಾನುವಾರ ವಾರದ ರಜೆ. ಬೆಳಿಗ್ಗೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

"ಅಮ್ಮಾ, ನಿನ್ನೆ ಯಾಕೆ ಬೇಗ ಬಿಟ್ಟುಬಿಟ್ಟೆ?"

"ಏನನ್ನ?"

"ಹಸಿರು. ನಿಂಗೆ ನಾನು ಸಿಗೋದೇ ಇಲ್ವಲ್ಲ, ಅದಕ್ಕೇ ನನ್ನ ನೋಡೋಕೆ ಅಂತ ನೀನು ಕೆಂಪು ಹಿಡ್ಕೋತೀಯಂತೆ. ಚಿಕ್ಕಮ್ಮ ಹೇಳಿದ್ರು. ನೆಟ್ಟಗೆ ಕೂತ್ಕೋ, ಅಮ್ಮ ನೋಡ್ತಿದ್ದಾರೆ ಅಂತಾರೆ ದಿನಾ."

ಬಾಚಣಿಗೆ ಅಲ್ಲೇ ನಿಂತಿತು. ಓರಗಿತ್ತಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮಗುವಿನೆದುರು ಇವಳ ಮಾನ ಕಾಪಾಡಿದ್ದಳು. ಇವಳಿಗೆ ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಮೊದಲು ಹೊಟ್ಟೆ ಉರಿಯಿತು. ಇದರಲ್ಲೂ ಅವಳೇ ದೊಡ್ಡವಳಾಗಬೇಕೇ? ತಿಂಗಳಿಡೀ ಕೆಂಪು ದೀಪ ಹಿಡಿದು ತಾನು ನೋಡಿದ್ದು ಅವಳ ಮುಂದಿನ ಚಕ್ರವನ್ನು. ಪಕ್ಕದಲ್ಲಿ ನೆಟ್ಟಗೆ ಕೂತಿದ್ದ ಮಗು ಕಣ್ಣಿಗೆ ಬಿದ್ದಿರಲೇ ಇಲ್ಲ.

"ನಿನ್ನೆ ತಿರುಗುವಾಗ ನಾನು ಕೈ ತೋರಿಸ್ದೆ," ಎಂದಳು ಮಗಳು. "ಸೈಕಲ್‌ಗೆ ಇಂಡಿಕೇಟರ್ ಇರಲ್ವಲ್ಲ, ಕೈ ಚಾಚ್ಬೇಕು, ರೂಲ್ಸು. ಒಂದೇ ಕೈಲಿ ಬಿಟ್ಟಿದ್ದು ಮೊದಲ್ನೇ ಸಲ. ನೋಡಿದ್ಯಾ?"

"ನೋಡದೆ ಇರ್ತೀನೇನೇ?"

"ಹಾಗಾದ್ರೆ ಯಾವ ಕೈ ಹೇಳು."

ಮನೆಯ ದಾರಿ ಸಿಗ್ನಲ್ಲಿನಿಂದ ಬಲಕ್ಕೆ. "ಬಲಗೈ," ಎಂದಳು ಪೀಪಿ ಮೇಡಂ.

ಮಗಳು ಹಿಂತಿರುಗಿ ನೋಡಿದಳು. "ಚಿಕ್ಕಮ್ಮನ ಹತ್ರ ಇನ್ನೊಂದು ಲಕೋಟೆ ಉಳಿದಿತ್ತಲ್ಲ. ನಾವು ಎಡಕ್ಕೆ ಹೋದ್ವಿ."

ತಾಯಿಯ ಮುಖ ನೋಡಿ ಪಾಪ ಅನಿಸಿತೇನೋ, ಮಗು ಸಮಾಧಾನ ಹೇಳಿತು:

"ಹೋಗ್ಲಿ ಬಿಡಮ್ಮ. ಚಿಕ್ಕಮ್ಮ ನೋಡಿದ್ರು."