ಮುನ್ನಾ ರುಚಿ ನೋಡಿದ ಹಳದಿ

ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಎರಡು ಬಗೆಯ ಬಣ್ಣದ ಕೆಲಸ ಒಂದೇ ಸೂರಿನಡಿ ನಡೆಯುತ್ತಿದ್ದ ಕಾಲ ಅದು. ಹಿತ್ತಲಲ್ಲಿ ಬಷೀರ್ ಚಾಚಾ, ನಮ್ಮ ಅಬ್ಬಾನ ತಮ್ಮ, ಹಂಡೆಗಳಲ್ಲಿ ನೀರು ಕಾಯಿಸಿ ಸೀರೆ, ದುಪಟ್ಟಾಗಳಿಗೆ ಬಣ್ಣ ಹಾಕುತ್ತಿದ್ದರು. ಅದು ತಾತ ಮುತ್ತಾತಂದಿರ ಕಸುಬು. ಮುಂದಿನ ಕೋಣೆಯದು ಅಬ್ಬಾ ಹೊಸದಾಗಿ ಹಿಡಿದ ಕೆಲಸ. ಜಿಲೇಬಿ, ಲಾಡು, ಶರಬತ್ತಿಗೆ ಹಾಕುವ ಬಣ್ಣದ ಪುಡಿಯನ್ನು ಬೊಂಬಾಯಿಯಿಂದ ತರಿಸಿ, ಸಣ್ಣ ಪೊಟ್ಟಣ ಕಟ್ಟಿ ಮಾರುವುದು. ಆ ಪೊಟ್ಟಣದ ಕೆಲಸವೇ ಇಂದು ಕಾರ್ಖಾನೆಯಾಗಿದೆ. ನಮ್ಮ ಬಣ್ಣ ಹಡಗು ಹತ್ತಿ ದೂರದೂರದ ದೇಶಗಳಿಗೆ ಹೋಗುತ್ತದೆ. ಹೇಗೆ ಬೆಳೆದಿರಿ ಎಂದು ಕೇಳಿದವರಿಗೆ ನಾವು ಅಬ್ಬಾನ ದುಡಿಮೆಯ ಕತೆ ಹೇಳುತ್ತೇವೆ. ಆ ರಂಜಾನಿನ ಮಾತು ಎತ್ತುವುದಿಲ್ಲ. ನಾನಾಗ ಮೂರನೆಯ ಕ್ಲಾಸಿನ ಹುಡುಗಿ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯುತ್ತೇನೆ.

ಮನೆಗೊಂದು ಪದ್ಧತಿಯಿತ್ತು. ಹೊಸ ಡಬ್ಬ ತೆರೆದಾಗ ಚಿಟಿಕೆ ಪುಡಿಯನ್ನು ಸಕ್ಕರೆ ನೀರಿಗೆ ಹಾಕಿ ಮನೆಯವರೇ ಮೊದಲು ಕುಡಿಯಬೇಕು. ತಿನ್ನುವ ಬಣ್ಣವಾದರೆ ಬಾಯಿ ಮುಕ್ಕಳಿಸಿದಾಗ ಹೋಗುತ್ತದೆ. ಬಟ್ಟೆಯ ಬಣ್ಣ ಕಹಿ, ನಾಲಿಗೆಗೆ ಅಂಟಿಕೊಳ್ಳುತ್ತದೆ. ನಾವೆಲ್ಲ ಅಂಗಳದ ಬಿಸಿಲಲ್ಲಿ ನಾಲಿಗೆ ಚಾಚಿ ನಿಲ್ಲುತ್ತಿದ್ದೆವು. "ಇವಳ ನಾಲಿಗೆಗೆ ಯಾವ ಬಣ್ಣಾನೂ ಅಂಟಲ್ಲ ಬಿಡಿ ಭಾಬಿ. ಒಂದು ಗಳಿಗೆ ಸುಮ್ನಿದ್ರೆ ತಾನೇ ಅಂಟೋದು" ಎಂದು ಚಾಚಾ ನಮ್ಮ ಅಮ್ಮಿಗೆ ಹೇಳಿ ನನ್ನನ್ನು ಕೆಣಕುತ್ತಿದ್ದರು.

ರಂಜಾನಿನಲ್ಲಿ ಮಾತ್ರ ಈ ಪರೀಕ್ಷೆ ಸಂಜೆ, ಎಲ್ಲರೂ ರೋಜಾ ಉಪವಾಸ ಬಿಟ್ಟ ಮೇಲೆ. ಮಾಲು ಹೊರಡುವುದು ಮರುದಿನ. ಆ ರಂಜಾನಿನ ಒಂದು ಬೆಳಿಗ್ಗೆ ಅಬ್ಬಾ ಸವಳಂಗ ರಸ್ತೆಯ ಅಂಗಡಿಗಳಿಗೆ ಹೋಗಿದ್ದಾಗ ಭದ್ರಾವತಿಯ ಮಿಠಾಯಿ ಅಂಗಡಿಯಿಂದ ಆಳು ಬಂದ. ಮರುದಿನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಮದುವೆ, ಲಾಡು ಇವತ್ತೇ ಕಟ್ಟಬೇಕು, ಹಳದಿ ಈಗಲೇ ಬೇಕು ಎಂದ. ಚಾಚಾ ಹೊಸ ಡಬ್ಬ ತೆರೆದರು. ನಾನೂ ಹಟ ಹಿಡಿದು ರೋಜಾ ಇದ್ದೆ. ಉಪವಾಸವಿಲ್ಲದವನು ಮನೆಯಲ್ಲಿ ಒಬ್ಬನೇ, ನಾಲ್ಕು ವರ್ಷದ ನನ್ನ ತಮ್ಮ ಮುನ್ನಾ. ಚಾಚಾ ಅವನಿಗೆಂದು ಸಕ್ಕರೆ ಜಾಸ್ತಿ ಹಾಕಿ ಲೋಟ ಕೊಟ್ಟರು.

"ಹೆಂಗಿದೆಯೋ?"

"ಸಿಹಿ ಇದೆ."

"ಕಹಿ ಇಲ್ವಾ? ಸರಿಯಾಗಿ ನೋಡಿ ಹೇಳೋ ಮಾರಾಯ."

"ಇಲ್ಲ ಚಾಚಾ. ಇನ್ನೊಂದು ಲೋಟ ಕೊಡು."

ಬಸ್ಸಿಗೆ ಹೊತ್ತಾಯಿತೆಂದು ಆಳು ಬಾಗಿಲಲ್ಲಿ ಅವಸರ ಮಾಡುತ್ತಿದ್ದ. ನಾಲಿಗೆ ನೋಡುವುದು ಉಳಿಯಿತು. ಚಾಚಾ ನಗುತ್ತ ಇನ್ನೊಂದು ಲೋಟ ಕೊಟ್ಟು, ಪೊಟ್ಟಣ ಕಟ್ಟಿ ಕಳಿಸಿದರು.

ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಮುನ್ನಾ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ. ಅಮ್ಮಿ ಅವನ ಬಾಯಿ ಬಿಡಿಸಿ ಬೆಳಕಿಗೆ ಹಿಡಿದರು. ನಾಲಿಗೆ ಹಳದಿ. ಸೆರಗಿನಿಂದ ಒರೆಸಿದರೂ ಹಳದಿ. ಹಿತ್ತಲಿನ ಹಬೆಗೆ ಚೀಟಿ ಕಿತ್ತುಹೋಗಿದ್ದ ಬಟ್ಟೆ ಬಣ್ಣದ ಡಬ್ಬವೊಂದು ಮುಂದಿನ ಕೋಣೆ ಸೇರಿತ್ತು. ಚಾಚಾ ತೆರೆದದ್ದು ಅದನ್ನೇ. ಅಷ್ಟರಲ್ಲಿ ಅಬ್ಬಾ ಬಂದರು.

"ಉಳಿದ ಪುಡಿ ಎಲ್ಲಿ?"

"ಭದ್ರಾವತಿಗೆ ಹೋಯ್ತು ಭಾಯ್" ಎಂದರು ಚಾಚಾ.

ಅಬ್ಬಾ ಮುನ್ನಾನನ್ನು ಎತ್ತಿಕೊಂಡರು. ಅಮ್ಮಿ ಅವನನ್ನು ಕಸಿದುಕೊಂಡರು. "ಇವನ್ನ ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನೀವು ಭದ್ರಾವತಿಗೆ ಹೋಗಿ."

"ಮಗ ಹಿಂಗಿರೋವಾಗಾ?"

"ಅದು ಮದುವೆ ಮನೆ. ಅಲ್ಲಿ ಎಷ್ಟು ಮಕ್ಕಳಿರ್ತಾವೆ! ಹೋಗಿ ಅಂದ್ನಲ್ಲ."

ಅಬ್ಬಾ ಹೋದರು. ಮುನ್ನಾನನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು ಚಾಚಾ. ಅಮ್ಮಿ, ನಾನು ಹಿಂದೆಯೇ ಓಡಿದೆವು. ಅಲ್ಲಿ ಅವನ ಮೂಗಿಗೆ ರಬ್ಬರ್ ನಳಿಗೆ ಇಳಿಸಿದ್ದನ್ನು ನಾನು ಬಾಗಿಲಿನಿಂದ ಕಂಡೆ. ರೋಜಾ ಬಿಡುವ ಹೊತ್ತಿಗೆ ಯಾರೋ ಚಾಚಾನ ಕೈಗೆ ಖರ್ಜೂರ ಕೊಟ್ಟರು. ಅವರು ಅದನ್ನು ಹಿಡಿದುಕೊಂಡೇ ಕೂತಿದ್ದರು.

ಭದ್ರಾವತಿಯದು ಅಬ್ಬಾ ಹೇಳಿ ಗೊತ್ತು. ಬೂಂದಿ ಕರಿದಾಗಿತ್ತು, ಉಂಡೆ ಕಟ್ಟಿರಲಿಲ್ಲ, ಯಾರೂ ತಿಂದಿರಲಿಲ್ಲ. "ನಾಳೆ ಮದುವೆ ಗಂಡಿಗೆ ಏನ್ ಬಡಿಸ್ಲಿ ಸಾಬ್ರೆ, ನಿಮ್ಮ ತಲೆನಾ?" ಎಂದು ಅಂಗಡಿಯವರು ಕೂಗಾಡಿದರಂತೆ. ಅಬ್ಬಾ ಎಲ್ಲವನ್ನೂ ಗುಂಡಿಗೆ ಸುರಿಸಿ, ಹೊಸದಾಗಿ ಕಡಲೆಹಿಟ್ಟು ಕೊಂಡು ತಂದು, ಬಣ್ಣವಿಲ್ಲದ ಬೂಂದಿ ಕರಿಯುವವರೆಗೂ ಒಲೆಯ ಮುಂದೆ ನಿಂತಿದ್ದರಂತೆ. ಮುಂದೆ ಊರೂರಿನ ಮಿಠಾಯಿಯವರಿಗೆ ನಮ್ಮ ಹೆಸರು ಹೇಳಿದವರು ಅದೇ ಅಂಗಡಿಯವರು. ದಾವಣಗೆರೆ, ಹುಬ್ಬಳ್ಳಿ, ಆಮೇಲೆ ಬೊಂಬಾಯಿ, ಅಲ್ಲಿಂದ ಕಡಲಾಚೆ.

ಮುನ್ನಾ ಉಳಿದ. ಅವನು ಮನೆಗೆ ಬಂದ ಮೇಲೆ ಅಬ್ಬಾ ಬೈಯಲಿಲ್ಲ. "ಒಂದೇ ಮನೇಲಿ ಎರಡು ಬಣ್ಣ ಬೇಡ ಬಷೀರ್" ಎಂದರು, ಅಷ್ಟೆ. "ತಿನ್ನೋದೇ ಇರ್ಲಿ ಭಾಯ್" ಎಂದ ಚಾಚಾ ತಾವೇ ಹಂಡೆಗಳನ್ನು ಹೊರಗೆ ಸಾಗಿಸಿ, ಲಾರಿ ಗ್ಯಾರೇಜಿಗೆ ಕೆಲಸಕ್ಕೆ ಸೇರಿದರು. ಬಟ್ಟೆಯನ್ನು ಎಷ್ಟು ಸಲ ಅದ್ದಿದರೆ ಯಾವ ಛಾಯೆ ಬರುತ್ತದೆಂದು ಬಲ್ಲವರು ಈಗ ನಮ್ಮ ಮನೆತನದಲ್ಲಿ ಒಬ್ಬರೂ ಇಲ್ಲ.

ಇಂದು ಕಾರ್ಖಾನೆ ನಡೆಸುವವನು ಮುನ್ನಾ. ಆ ದಿನ ಅವನಿಗೆ ನೆನಪೇ ಇಲ್ಲ. ದೊಡ್ಡವನಾದ ಮೇಲೆ ಒಮ್ಮೆ, "ಸಿಹಿ ಇದೆ ಅಂದೋನು ನಾನಲ್ವಾ ಚಾಚಾ, ತಪ್ಪು ನಂದೇ" ಎಂದು ನಕ್ಕ. "ನಿಂಗೆ ನಾಲ್ಕು ವರ್ಷ ಕಣೋ" ಎಂದು ಚಾಚಾ ಎದ್ದುಹೋದರು. ಹಬ್ಬಕ್ಕೆ ಮಿಠಾಯಿ ತಂದರೆ ಅಮ್ಮಿಯ ಮುಂದಿಟ್ಟು "ನೀವೇ ಕೊಡಿ ಭಾಬಿ" ಎನ್ನುತ್ತಿದ್ದರು. ಸಾಯುವವರೆಗೂ ಅವರು ಯಾವ ಮಗುವಿನ ಕೈಗೂ ತಿನ್ನಲು ಏನನ್ನೂ ಕೊಡಲಿಲ್ಲ.