ಬೋರಲಿಟ್ಟ ಬಟ್ಟಲು

ನಮ್ಮ ಮಕ್ಕಳ ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವವಳಿಗೆ ತಕ್ಕಡಿ ಅಕ್ಕ ಎಂದೇ ಹೆಸರು. ಹೆಸರು ನೋಂದಾಯಿಸುವ ನನ್ನ ಕುರ್ಚಿ ಅವಳ ಪಕ್ಕದಲ್ಲೇ. ಹದಿನಾರು ವರ್ಷ ಅವಳ ಮಾತು ಕೇಳಿ ಕೇಳಿ ನನಗೂ ಅರ್ಧ ವಿದ್ಯೆ ಬಂದಿದೆ. ದಪ್ಪಗಿರುವ ಮಗುವನ್ನು ತಂದವರಿಗೆ ಅವಳು ಹೇಳುವುದು ಒಂದೇ: "ಉಪವಾಸ ಕೆಡವಬೇಡಿ. ತೂಕ ಇಳೀಬೇಕಾಗಿಲ್ಲ, ನಿಂತ್ರೆ ಸಾಕು. ಎತ್ತರ ತಾನಾಗೇ ಬೆಳೆಯುತ್ತೆ." ದುಬಾರಿ ಡಬ್ಬಿಪುಡಿಯ ಹೆಸರೆತ್ತಿದರೆ ಮಾತ್ರ ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಬೇಳೆ, ಮೊಟ್ಟೆ, ಅಗ್ಗಕ್ಕೆ ಸಿಗುವ ಸೊಪ್ಪು, ಇಷ್ಟರಲ್ಲೇ ಚೀಟಿ ಬರೆಯುತ್ತಾಳೆ. ಮನೆಯವರು ಯಾರು ಬಂದರೂ ಬರಿಗೈಲಿ ಕಳಿಸುವುದಿಲ್ಲ, ಕೈಗೊಂದು ಚೀಟಿ.

ಎರಡೂವರೆ ವರ್ಷದ ಗುಂಡಮ್ಮ ಬಂದಾಗಲೂ ಅಕ್ಕ ಹಾಗೇ ಮಾಡಿದಳು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮಗು. ಎರಡು ತಿಂಗಳು ಕಳೆದರೂ ತೂಕ ಏರುತ್ತಲೇ ಇತ್ತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ತಾಯಿ ನಮ್ಮೆದುರೇ ಸಿಡಿದಳು.

"ಅತ್ತೆ ಕದ್ದುಮುಚ್ಚಿ ತಿನ್ನಿಸ್ತಾರೆ. ಮುಂದಿನ ಸಲಾನೂ ತೂಕ ಏರಿದ್ರೆ ಮಗೂನ ಡೇ ಕೇರಿಗೆ ಹಾಕ್ತೀನಿ."

"ಚೀಟೀಲಿರೋದು ಬಿಟ್ಟು ಒಂದು ತುತ್ತೂ ಕೊಟ್ಟಿಲ್ಲಮ್ಮಾ," ಅಜ್ಜಿ ಮೊಮ್ಮಗಳನ್ನು ಎದೆಗವುಚಿಕೊಂಡಳು. "ಅವಳಿಲ್ದೆ ಹಗಲೆಲ್ಲಾ ನಾನೇನು ಮಾಡ್ಲಿ?"

ನಿಜ ಹೇಳುತ್ತೇನೆ, ನಾನೂ ಅಜ್ಜಿಯನ್ನು ನಂಬಲಿಲ್ಲ.

ತಕ್ಕಡಿ ಅಕ್ಕ ಶನಿವಾರ ಬೆಳಗಾಗುತ್ತಲೇ ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದಳು. ಅಜ್ಜಿ ಆಗಲೇ ಬೀದಿಯ ಮನೆಗಳಿಗೆ ಹಾಲಿನ ಪ್ಯಾಕೆಟ್ ಹಾಕಲು ಹೋಗಿದ್ದಳು. ತಾಯಿ ಚೀಟಿ ನೋಡಿಕೊಂಡು ಮಗುವಿಗೆ ಮೊಟ್ಟೆ, ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟು, ಗಂಡ ಹೊಸ್ತಿಲು ತುಳಿಯುತ್ತಲೇ ಕೆಲಸಕ್ಕೆ ಓಡಿದಳು. ಏಳಕ್ಕೆ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಜೇಬಿನಿಂದ ಚೀಟಿ ತೆಗೆದ. ಮಗುವಿಗೆ ಮತ್ತೆ ಅದೇ ಮೊಟ್ಟೆ, ಬಾಳೆಹಣ್ಣು, ಹಾಲು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತೊಡೆ ಚಿವುಟಿದಳು. ಎಂಟಕ್ಕೆ ಅಜ್ಜಿ ಬಂದು, ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಬೆರಳಿಟ್ಟು ಓದಿ, ಮೊಟ್ಟೆ ಬೇಯಿಸಲು ಇಟ್ಟಳು. ಉಳಿದಿಬ್ಬರಿಗೆ ತಿನ್ನಿಸಲು ಪುರುಸೊತ್ತೆಲ್ಲಿ ಎಂದು ಮೂವರಲ್ಲಿ ಒಬ್ಬೊಬ್ಬರೂ ಅಂದುಕೊಂಡಿದ್ದರು. ಗುಂಡಮ್ಮ ಯಾಕೆ ಬೇಡ ಅಂತಾಳೆ?

ಮೂರು ಚೀಟಿಯಲ್ಲೂ ಅಕ್ಕನದೇ ದುಂಡಗಿನ ಅಕ್ಷರ. ಅವಳ ಮುಖ ಸಣ್ಣದಾಯಿತು.

"ತಪ್ಪು ನಂದೇ ಅಜ್ಜಿ. ಏನು ಕೊಡ್ಬೇಕು ಅಂತ ಬರೆದೆ, ಯಾರು ಕೊಡ್ಬೇಕು ಅಂತ ಬರೀಲಿಲ್ಲ."

"ಅಂದ್ರೆ ಒಂದು ಹೊಟ್ಟೆಗೆ ಮೂರು ಮಕ್ಕಳ ಊಟ ಹಾಕಿದ್ವಾ!" ಎಂದು ಅಪ್ಪ ತಲೆ ಚಚ್ಚಿಕೊಂಡ.

ಅಕ್ಕ ಅಡುಗೆಮನೆಯ ಹಲಗೆಯ ಮೇಲೆ ನಾಲ್ಕು ಸ್ಟೀಲ್ ಬಟ್ಟಲು ಸಾಲಾಗಿ ಇಡಿಸಿದಳು. ಹೊತ್ತಿಗೊಂದು. ಉಣ್ಣಿಸಿದವರು ತೊಳೆದು ಬೋರಲಿಡಬೇಕು. ಬೋರಲಿದ್ದರೆ ಮಗು ಉಂಡಿದೆ ಎಂದೇ ಲೆಕ್ಕ. ಅವತ್ತಿನಿಂದ ಅವಳು ಯಾರಿಗೇ ಚೀಟಿ ಬರೆಯಲಿ, ಮೊದಲು ಕೇಳುವುದು, "ಮನೇಲಿ ಉಣ್ಣಿಸೋ ಕೈ ಎಷ್ಟು?"

ಮೂರು ತಿಂಗಳ ಮೇಲೆ ಅವರು ಮತ್ತೆ ಬಂದರು. ಮೆಟ್ಟಿಲ ಮೇಲೆ ಗುಂಡಮ್ಮ ಮುಂದೆ, ಏದುಸಿರು ಬಿಡುತ್ತಾ ಅಜ್ಜಿ ಹಿಂದೆ. ತಕ್ಕಡಿಯ ಮುಳ್ಳು ಹಿಂದಿನ ಜಾಗದಲ್ಲೇ ನಿಂತಿತು. ಎತ್ತರ ಎರಡು ಸೆಂಟಿಮೀಟರ್ ಹೆಚ್ಚಿತ್ತು. ನನಗೆ ಖುಷಿ ತಡೆಯಲಾಗದೆ ಚೀಲದಿಂದ ಬಿಸ್ಕತ್ತು ತೆಗೆದು ಚಾಚಿದೆ. ಗುಂಡಮ್ಮ ಎರಡೂ ಅಂಗೈಗಳನ್ನು ಕೆಳಮುಖ ಮಾಡಿ ತೋರಿಸಿದಳು.

"ಬಟ್ಲು ಬೋಲ್ಲು!"

ಎಲ್ಲರೂ ನಕ್ಕೆವು. ತಾಯಿ ಮಾತ್ರ ನಗಲಿಲ್ಲ. ಅತ್ತೆಯ ಕೈ ಹಿಡಿದುಕೊಂಡಳು.

"ಸುಮ್ಮನೆ ನಿಮ್ಮ ಮೇಲೆ ಹೊರಿಸಿದೆ ಅತ್ತೆ. ಮಗು ನಿಮ್ಮ ಹತ್ರಾನೇ ಇರ್ಲಿ."

ಅಜ್ಜಿ ಕಣ್ಣೊರೆಸಿಕೊಂಡು ಮೊಮ್ಮಗಳತ್ತ ನೋಡಿದಳು.

"ಇರ್ಲಿ ತಾಯಿ. ಆದ್ರೆ ಇನ್ಮೇಲೆ ಇವಳ ಹಿಂದೆ ಓಡೋಕೆ ನನಗೂ ಒಂದು ಚೀಟಿ ಬರೆಸ್ಕೊಡು."