ಸೇಂಟ್ ಓಡೀಲ್‌ನ ಭಟ್ಟಿ

ಶಿಕಾಗೊದಿಂದ ದಕ್ಷಿಣಕ್ಕೆ ಐವತ್ತೈದು ಮೈಲಿ ದೂರದಲ್ಲಿ ಸೇಂಟ್ ಓಡೀಲ್ ಎಂಬ ಫ್ರೆಂಚರ ಹಳ್ಳಿಯಿದೆ. ಶನಿವಾರಗಳಂದು ಅದನ್ನು ಪ್ರವಾಸಿಗರಿಗೆ ತೋರಿಸುವವರು ತಿಪಟೂರಿನ ಉಮ್ಮೆ ಕುಲ್ಸುಮ್. ವಯಸ್ಸು ಅರವತ್ತಮೂರು. ಡೆಸ್ ಪ್ಲೇನ್ಸ್‌ನ ಸರಕು ಸಾಗಣೆ ಕಚೇರಿಯಿಂದ ನಿವೃತ್ತರಾದ ವರ್ಷ, ನೇಪರ್‌ವಿಲ್‌ನ ಪಕ್ಕದ ಮನೆಯ ರೇಣು ಜೊತೆ ಸೇಬು ಕೀಳಲು ಹೊರಟವರು ಹೆದ್ದಾರಿಯಲ್ಲಿ ತಪ್ಪು ಎಕ್ಸಿಟ್ ಹಿಡಿದು ಈ ಊರು ಹೊಕ್ಕಿದ್ದರು. ಇಗರ್ಜಿಯ ಬಾಗಿಲಲ್ಲಿ ಗೈಡ್ ಬೇಕೆಂಬ ಚೀಟಿ ಅಂಟಿಸಿದ್ದರು.

“ಅಪ್ಲೈ ಮಾಡ್ಬಿಡ್ಲೇನೇ?”

“ನಿಮಗೆ ಫ್ರೆಂಚ್ ಬರಲ್ವಲ್ಲ ಆಂಟಿ!” ಎಂದಳು ರೇಣು.

“ಈ ಊರಿನೋರಿಗೂ ಬರಲ್ಲ ಬಿಡೇ. ಅಜ್ಜಂದಿರ ಕಾಲಕ್ಕೇ ಮರ್ತಿದಾರೆ.”

ಎರಡು ವರ್ಷಗಳಲ್ಲಿ ಊರಿನ ಚರಿತ್ರೆ ಅವರಿಗೆ ಬಾಯಿಪಾಠವಾಯಿತು. ಕೆನಡಾದಿಂದ ಬಂದ ಹನ್ನೊಂದು ಕುಟುಂಬ, ಸುಣ್ಣಕಲ್ಲಿನ ಇಗರ್ಜಿ, ದಾರಿಬದಿಯ ಕಬ್ಬಿಣದ ಶಿಲುಬೆ, ಎಲ್ಲರಿಗೂ ನೀರು ಸಿಗಲೆಂದು ಹೊಳೆಯವರೆಗೆ ಪಟ್ಟಿಪಟ್ಟಿಯಾಗಿ ಸೀಳಿ ಹಂಚಿಕೊಂಡ ಹೊಲಗಳು. ಇಗರ್ಜಿಯ ಹಿಂದಿನ ಇಟ್ಟಿಗೆಯ ಗುಮ್ಮಟವನ್ನು ಮಾತ್ರ ಅವರು ಇಪ್ಪತ್ತು ಅಡಿ ದೂರದಿಂದಲೇ ತೋರಿಸುತ್ತಿದ್ದರು. ಅದು ಹಂದಿ ಮಾಂಸಕ್ಕೆ ಹೊಗೆ ಹಾಕುವ ಗೂಡು ಎಂದು ಊರ ಸಮಿತಿಯ ಅಧ್ಯಕ್ಷ ಲಿಯೋನ್ ಹೇಳಿದ್ದ. ಹತ್ತಿರ ಹೋಗಲು ಕುಲ್ಸುಮ್‌ಗೆ ಮನಸ್ಸಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸಮಿತಿ ಗುಮ್ಮಟ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವುದೆಂದು ಗೊತ್ತು ಮಾಡಿತು. ಅಂತಿಮವಾಗಿ ಮತ ಹಾಕಲು ಹತ್ತು ದಿನ ಉಳಿದಿತ್ತು. ಕೆಡವುವ ಮೊದಲು ಅಳತೆ ಬರೆದಿಡಬೇಕಲ್ಲ ಎಂದು ರೇಣು ಜೊತೆ ಟೇಪು ಹಿಡಿದು ಹೋದ ಕುಲ್ಸುಮ್ ಮೊದಲ ಬಾರಿಗೆ ಬಗ್ಗಿ ಒಳಗೆ ನೋಡಿದರು.

ಮಾಂಸ ತೂಗುಹಾಕಲು ಒಂದು ಕೊಕ್ಕೆಯಿಲ್ಲ. ಮೇಲೆ ಹೊಗೆಗಂಡಿಯಿಲ್ಲ. ತಗ್ಗಾದ ಚಾವಣಿ, ಸಪಾಟಾದ ಇಟ್ಟಿಗೆ ನೆಲ. ಬಾಯಿಯ ಬಳಿಯ ಇಟ್ಟಿಗೆಗಳು ಉಜ್ಜಿ ಉಜ್ಜಿ ಸವೆದಿದ್ದವು.

“ರೇಣು, ತಿಪಟೂರಲ್ಲಿ ನಮ್ಮಪ್ಪನ ಬೇಕರೀಲಿತ್ತಲ್ಲ, ಅಂಥದೇ ಭಟ್ಟಿ ಕಣೇ ಇದು! ಎರಡು ವರ್ಷದಿಂದ ಬಂದೋರಿಗೆಲ್ಲ ಸುಳ್ಳು ಹೇಳಿದೀನಲ್ಲೇ ನಾನು!”

ಲಿಯೋನ್ ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಅವನು ಹೇಳಿದ್ದು ಇಷ್ಟು: “ನಮ್ಮಪ್ಪ ಒಮ್ಮೆ ಇದರಲ್ಲಿ ಬ್ರೆಡ್ ಸುಡಲು ನೋಡಿದ. ಇದ್ದಿಲಾಯಿತು. ಊರೆಲ್ಲ ಹೊಗೆ.”

“ಬೆಂಕಿ ಒಳಗಿದ್ದಾಗಲೇ ಹಿಟ್ಟು ಇಟ್ಟರಾ?”

“ಮತ್ತೆ ಬೆಂಕಿ ಎಲ್ಲಿಡಬೇಕು?”

ಕುಲ್ಸುಮ್ ಜೋರಾಗಿ ನಕ್ಕರು. “ಮತ ಹಾಕುವ ದಿನ ಬೆಳಿಗ್ಗೆ ನನಗೆ ಬಿಡಿ. ಬ್ರೆಡ್ ಬೇಯದಿದ್ದರೆ ಮೊದಲ ಇಟ್ಟಿಗೆ ನಾನೇ ಕೀಳ್ತೀನಿ.”

ಅಗ್ನಿಶಾಮಕ ದಳದ ಒಪ್ಪಿಗೆ ಪಡೆದು ಮೂರು ದಿನ ಸಣ್ಣ ಬೆಂಕಿ ಹಾಕಿ ಭಟ್ಟಿಯ ತೇವ ಆರಿಸಿದರು. ನಾಲ್ಕನೆಯ ದಿನ, ಶನಿವಾರ, ಓಕ್ ಸೌದೆ ತುಂಬಿ ಮೂರು ಗಂಟೆ ಉರಿಸಿದರು. ಸಮಿತಿಯ ಏಳು ಜನ ಕೈಕಟ್ಟಿ ನಿಂತಿದ್ದರು. ಮಸಿ ಹಿಡಿದ ಚಾವಣಿ ಬೆಳ್ಳಗಾದ ಮೇಲೆ ಕುಲ್ಸುಮ್ ಕೆಂಡವನ್ನೆಲ್ಲ ಹೊರಗೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿದರು.

“ಬೆಂಕಿ ತೆಗೆದೇಬಿಟ್ಟಳಲ್ಲ!” ಎಂದ ಲಿಯೋನ್.

ಒಂದು ಹಿಡಿ ಮೈದಾ ಒಳಗೆ ಎರಚಿದರು. ಅದು ಕ್ಷಣದಲ್ಲಿ ಕಪ್ಪಾಯಿತು.

“ಕರಿ ಆಯ್ತು ಆಂಟಿ,” ರೇಣುವಿನ ದನಿ ಇಳಿಯಿತು.

“ಆಗ್ಲಿ ತಾಳು. ಭಟ್ಟಿಗೆ ಇನ್ನೂ ಸಿಟ್ಟಿದೆ.”

ಇಪ್ಪತ್ತು ನಿಮಿಷ ಕಳೆದು ಇನ್ನೊಂದು ಹಿಡಿ ಎರಚಿದರು. ಈ ಸಲ ಹಿಟ್ಟು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು. ಉದ್ದ ಹಿಡಿಯ ಹಲಗೆಯಿಂದ, ಮೊದಲೇ ನಾದಿ ಉಬ್ಬಿಸಿಟ್ಟಿದ್ದ ಬನ್ನುಗಳನ್ನು ಒಳಗೆ ಜಾರಿಸಿ ಬಾಯಿ ಮುಚ್ಚಿದರು. ಹೊಗೆಯ ಸುಳಿವಿಲ್ಲ. ಸ್ವಲ್ಪ ಹೊತ್ತಿಗೆ ಬೇಯುವ ಹಿಟ್ಟಿನ ವಾಸನೆ ಇಗರ್ಜಿಯ ಅಂಗಳ ದಾಟಿ ಬೀದಿಗಿಳಿಯಿತು. ಎದುರು ಮನೆಯವರು ಬಾಗಿಲು ತೆರೆದು ಹೊರಬಂದರು. ಒಬ್ಬಾಕೆ ಬೆಣ್ಣೆಯ ಡಬ್ಬಿಯನ್ನೂ ತಂದಿದ್ದಳು.

ಬನ್ನುಗಳು ಹೊನ್ನಿನ ಬಣ್ಣಕ್ಕೆ ತಿರುಗಿ ಹೊರಬಂದವು. ಲಿಯೋನ್ ಒಂದನ್ನು ಮುರಿದು, ಮೂಸಿ, ತಿಂದ. ಸಮಿತಿಯ ಉಳಿದವರೂ ಒಂದೊಂದು ತೆಗೆದುಕೊಂಡರು. ಎರಡನೆಯದನ್ನು ಎತ್ತಿಕೊಂಡ ಮೇಲೆ ಅವನಿಗೆ ಅಂದಿನ ಕೆಲಸ ನೆನಪಾಯಿತು.

“ಭಟ್ಟಿ ಉಳಿಸಬೇಕೆನ್ನುವವರು ಕೈ ಎತ್ತಿ,” ಎಂದ ಬಾಯಿ ತುಂಬಿಕೊಂಡು.

ಕೈಲಿದ್ದುದನ್ನು ಕೆಳಗಿಡಲು ಯಾರಿಗೂ ಮನಸ್ಸಿರಲಿಲ್ಲ. ಏಳು ಬನ್ನುಗಳು ಒಟ್ಟಿಗೆ ಮೇಲೆದ್ದವು.